ಒಂದೇ ಮನೆಗೆ ವಾಲ್ ಚೇಸರ್ ಕೊಳ್ಳಬೇಡಿ

ಸರ್, ಮಂಡ್ಯದ ಹಳೇ ಮನೆಯ ವೈರಿಂಗ್‌ಗೆ ಗೋಡೆ ಸೀಳುವ ವಾಲ್ ಚೇಸರ್ ಯಂತ್ರ ಕೊಳ್ಳಲೋ, ಒಂದೇ ಬ್ಲೇಡಿನ ಆಂಗಲ್ ಗ್ರೈಂಡರ್ ಸಾಕೋ ಎಂದು ಕೇಳಿದ್ದೀರಿ. ಒಂದೇ ಮನೆಗಾದರೆ ಕೊಳ್ಳಬೇಡಿ, ಬಾಡಿಗೆಗೆ ಸಿಕ್ಕರೆ ತನ್ನಿ. ಚೇಸರ್‌ನಲ್ಲಿ ಎರಡು ಡೈಮಂಡ್ ಬ್ಲೇಡ್ ಜೊತೆಗೇ ಓಡಿ, ಒಂದೇ ಸಲಕ್ಕೆ ಎರಡು ಸೀಳು ಬೀಳುತ್ತವೆ. ನಡುವಿನ ಪಟ್ಟಿಯನ್ನು ಉಳಿಯಲ್ಲಿ ಎಬ್ಬಿಸಿದರೆ ಆಯಿತು. ವ್ಯಾಕ್ಯೂಮ್ ಪೈಪ್ ಸಿಕ್ಕಿಸಿದರೆ ಧೂಳೂ ಕಡಿಮೆ. ಗ್ರೈಂಡರ್‌ನಲ್ಲಿ ಎರಡು ಸಲ ಎಳೆಯಬೇಕು. ಮೈಸೂರಿನ ನಮ್ಮ ಮನೆಯಲ್ಲಿ ಹಾಗೆ ಮಾಡಿಸಿ, ಅಡುಗೆಮನೆ ಡಬ್ಬಗಳ ಮೇಲೆಲ್ಲ ಧೂಳು ಕೂತಿತ್ತು. ಆ ಧೂಳಿನಲ್ಲಿ ಸಿಲಿಕಾ (ಮರಳಿನ ನುಣ್ಣನೆ ಪುಡಿ) ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಕರ್ಚೀಫ್ ಸಾಲದು, ಎನ್95 ಮಾಸ್ಕ್ ಹಾಕಿಸಿ. ಕಣ್ಣಿಗೆ ಕನ್ನಡಕವೂ ಬೇಕು.

ಇನ್ನೊಂದು ಮಾತು. 4.5 ಇಂಚಿನ ಗೋಡೆಗೆ ಉದ್ದಕ್ಕೂ ಅಡ್ಡ ಸೀಳು ಹಾಕಿಸಲೇಬೇಡಿ, ಗೋಡೆಯ ಬಲ ಹೋಗುತ್ತದೆ. ಮೇಲಿಂದ ಕೆಳಕ್ಕೆ ನೇರ ಇಳಿಸಿ. ಹಳೇ ವೈರ್ ಎಲ್ಲಿದೆ ನೋಡಿ, ಆ ಲೈನ್ ಆಫ್ ಮಾಡಿಸಿಯೇ ಬ್ಲೇಡ್ ಇಡಿಸಿ.