ಹಳೆಯ ಪಿಎಸ್ 2 (ಪ್ಲೇಸ್ಟೇಷನ್ 2) ಗೇಮ್ ಕನ್ಸೋಲಿನಲ್ಲಿ ನಾಲ್ಕು ಜನ ಕೂತು ಆಡೋಕೆ ಅನ್‌ರಿಯಲ್ ಟೂರ್ನಮೆಂಟ್ ಒಳ್ಳೇದಾ, ಟೈಮ್‌ಸ್ಪ್ಲಿಟರ್ಸ್ ಒಳ್ಳೇದಾ?

ಟೈಮ್‌ಸ್ಪ್ಲಿಟರ್ಸ್ ತಗೊಳ್ಳಿ. ಗದಗಿನಲ್ಲಿ ಮನೆ, ರಜೆಗೆ ಅಕ್ಕನ ಮಕ್ಕಳು ಬರುತ್ತಾರೆ, ಒಂದೇ ಟಿವಿ ಮುಂದೆ ನಾಲ್ಕೂ ಜನ ಕೂತು ಆಡಬೇಕು ಅಂತ ಕೇಳಿದ್ದೀರಿ. ಹಾಗಿದ್ದ ಮೇಲೆ ಇದರಲ್ಲಿ ಯೋಚನೆ ಮಾಡೋಕೆ ಜಾಸ್ತಿ ಏನಿಲ್ಲ. ಎರಡೂ 2000ದ ಅಕ್ಟೋಬರ್‌ನಲ್ಲಿ, ಅಮೆರಿಕದಲ್ಲಿ ಪಿಎಸ್ 2 ಬಂದ ಹೊತ್ತಿಗೇ ಬಂದ ಶೂಟಿಂಗ್ ಆಟಗಳು. ಎರಡನ್ನೂ ನಾನು ಹುಬ್ಬಳ್ಳಿಯಲ್ಲಿ ವರ್ಷಗಟ್ಟಲೆ ಆಡಿದ್ದೇನೆ. ಅನ್‌ರಿಯಲ್ ಮೇಲೆ ನನಗೆ ತುಂಬಾ ಪ್ರೀತಿ ಇದೆ. ಆದರೂ ಮನೆ ತುಂಬ ಜನ ಇದ್ದಾಗ ನಾನು ಹಾಕೋದು ಟೈಮ್‌ಸ್ಪ್ಲಿಟರ್ಸ್ ಡಿಸ್ಕನ್ನೇ.

ಅನ್‌ರಿಯಲ್ ಟೂರ್ನಮೆಂಟ್ 1999ರಲ್ಲಿ ಕಂಪ್ಯೂಟರಿಗಾಗಿ ಮಾಡಿದ ಆಟ. ಅದರ ಒಳ್ಳೆಯದೆಲ್ಲ ಮೌಸ್ ನಂಬಿಕೊಂಡಿದೆ. ಅದರಲ್ಲಿರೋ ಶಾಕ್ ರೈಫಲ್ ಅನ್ನೋ ಬಂದೂಕು ಒಂದನ್ನೇ ನೋಡಿ. ಒಂದು ಬಟನ್ ಒತ್ತಿದರೆ ನೇರಳೆ ಬಣ್ಣದ ಉಂಡೆ ನಿಧಾನಕ್ಕೆ ತೇಲಿಕೊಂಡು ಹೋಗುತ್ತದೆ. ಇನ್ನೊಂದು ಒತ್ತಿದರೆ ಕಣ್ಣುಮುಚ್ಚಿ ತೆಗೆಯೋದರೊಳಗೆ ಮುಟ್ಟುವ ಬೆಳಕಿನ ಗೆರೆ. ಉಂಡೆ ಬಿಟ್ಟು, ಅದು ಎದುರಾಳಿ ಹತ್ತಿರ ಹೋದ ಕ್ಷಣಕ್ಕೆ ಸರಿಯಾಗಿ ಆ ಉಂಡೆಗೇ ಗೆರೆ ಹೊಡೆದರೆ ಅಲ್ಲಿದ್ದವರೆಲ್ಲ ಸ್ಫೋಟದಲ್ಲಿ ಮುಗಿದರು. ಮೌಸ್ ಕೈಯಲ್ಲಿದ್ದರೆ ಇದು ಮಜಾ. ಹೆಬ್ಬೆರಳಲ್ಲಿ ಕಂಟ್ರೋಲರ್ ಕಡ್ಡಿ ತಿರುಗಿಸುತ್ತಾ, ಟಿವಿಯ ಕಾಲು ಭಾಗದಲ್ಲಿ ಆ ಉಂಡೆ ಹುಡುಕಿ ಹೊಡೆಯೋದು ಹೊಸಬರ ಕೈಯಲ್ಲಿ ಆಗೋದಿಲ್ಲ. ಮೇಲಾಗಿ ನಾಲ್ಕು ಜನ ಸೇರಿದರೆ ಪಿಎಸ್ 2ರಲ್ಲಿ ಅದರ ಓಟ ಕುಂಟುತ್ತದೆ. ಕಂಪ್ಯೂಟರಿನಲ್ಲಿದ್ದ ಅಸಾಲ್ಟ್ ಅನ್ನೋ ಆಟದ ಬಗೆಯನ್ನೂ ಕೈಬಿಟ್ಟಿದ್ದಾರೆ. ರಕ್ತವೂ ಜಾಸ್ತಿ. ಅಮೆರಿಕದಲ್ಲಿ ಅದಕ್ಕೆ 17 ದಾಟಿದವರಿಗೆ ಅನ್ನೋ ಗುರುತು ಕೊಟ್ಟಿದ್ದರು. ಟೈಮ್‌ಸ್ಪ್ಲಿಟರ್ಸ್‌ಗೆ ಕೊಟ್ಟಿದ್ದು 13 ದಾಟಿದವರಿಗೆ ಅಂತ. ಅಕ್ಕನ ಮಕ್ಕಳ ವಯಸ್ಸು ನೀವು ಬರೆದಿಲ್ಲ. ಅದನ್ನೂ ನೋಡಿಕೊಳ್ಳಿ.

ಟೈಮ್‌ಸ್ಪ್ಲಿಟರ್ಸ್ ಮಾಡಿದವರ ಹಿನ್ನೆಲೆ ಗೊತ್ತಾದರೆ ಅದು ಯಾಕೆ ಇಷ್ಟು ಚೆನ್ನಾಗಿದೆ ಅಂತ ಅರ್ಥ ಆಗುತ್ತದೆ. 1997ರಲ್ಲಿ ನಿಂಟೆಂಡೊ 64 ಅನ್ನೋ ಕನ್ಸೋಲಿಗೆ ಗೋಲ್ಡನ್‌ಐ 007 ಅನ್ನೋ ಆಟ ಬಂತು. ಒಂದೇ ಟಿವಿಯನ್ನು ನಾಲ್ಕು ಭಾಗ ಮಾಡಿ ಶೂಟಿಂಗ್ ಆಡೋದನ್ನ ಮನೆಮನೆಗೆ ಮುಟ್ಟಿಸಿದ್ದು ಅದೇ. ಅದನ್ನು ಮಾಡಿದ ರೇರ್ ಕಂಪನಿಯಿಂದ ಡೇವಿಡ್ ಡೋಕ್, ಸ್ಟೀವ್ ಎಲ್ಲಿಸ್ ಮತ್ತೆ ಕೆಲವರು ಹೊರಗೆ ಬಂದು 1999ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಫ್ರೀ ರ‍್ಯಾಡಿಕಲ್ ಡಿಸೈನ್ ಅನ್ನೋ ಕಂಪನಿ ಶುರು ಮಾಡಿದರು. ಗೋಲ್ಡನ್‌ಐನ ನಾಲ್ಕು ಜನರ ಆಟದ ಹಿಂದಿದ್ದವರು ಇದೇ ಎಲ್ಲಿಸ್. ಆ ಹೊಸ ಕಂಪನಿಯ ಮೊದಲ ಆಟವೇ ಟೈಮ್‌ಸ್ಪ್ಲಿಟರ್ಸ್. ಅದಕ್ಕೇ ಅದು ಮೊದಲಿಂದಲೂ ಕಂಟ್ರೋಲರ್ ಹಿಡಿದ ಕೈಗೆ, ಒಂದೇ ಕೋಣೆಯಲ್ಲಿ ಕೂತ ಜನಕ್ಕೆ ಅಂತಲೇ ಮಾಡಿದ ಆಟ. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಟ, ಕೈಗೆ ಬೆಣ್ಣೆ ಹಾಗೆ ಸಿಗುತ್ತದೆ.

ಅದರಲ್ಲಿ ಬ್ಯಾಗ್ ಟ್ಯಾಗ್ ಅಂತ ಒಂದು ಬಗೆ ಇದೆ. ಅಖಾಡದಲ್ಲಿ ಒಂದೇ ಒಂದು ಚೀಲ. ಯಾರ ಹತ್ತಿರ ಅದು ಜಾಸ್ತಿ ಹೊತ್ತು ಇರುತ್ತದೋ ಅವರು ಗೆದ್ದಂಗೆ. ನಮ್ಮ ಕೇಶ್ವಾಪುರದ ಮನೆಯಲ್ಲಿ ಇದನ್ನು ಹಾಕಿದರೆ ಪಡಸಾಲೆಯಲ್ಲಿ ಗದ್ದಲವೋ ಗದ್ದಲ. ಚೀಲ ಇದ್ದವನು ಎಲ್ಲಿದ್ದಾನೆ ಅಂತ ತಿಳಿಯೋಕೆ ಅವನ ಭಾಗದ ಟಿವಿ ನೋಡಿದರೆ ಸಾಕಲ್ವಾ? ಹಾಗಾಗಿ "ಲೇ, ನನ್ನ ಸ್ಕ್ರೀನ್ ನೋಡಬ್ಯಾಡಲೇ" ಅಂತ ಒಬ್ಬ, "ನೀ ಮೂಲ್ಯಾಗ ಅಡಗಿ ಕುಂತೀಯಲ್ಲ, ಹೊರಗ ಬಾ ಮೊದಲ" ಅಂತ ಇನ್ನೊಬ್ಬ. ಹೊಡೆಯೋದರಲ್ಲಿ ಹುಷಾರಿ ಇಲ್ಲದ ನನ್ನ ಚಿಕ್ಕ ತಂಗಿ ಇದರಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದಳು, ಯಾಕೆಂದರೆ ಅವಳಿಗೆ ದಾರಿಗಳೆಲ್ಲ ಬಾಯಿಪಾಠ. ಗುರಿ ಚೆನ್ನಾಗಿರುವವರು ಮಾತ್ರ ಗೆಲ್ಲುವ ಆಟ ಮನೆಮಂದಿಗೆ ಬೇಗ ಬೇಜಾರಾಗುತ್ತದೆ. ಇದರಲ್ಲಿ ಹಾಗಾಗೋದಿಲ್ಲ. ಜನ ಕಡಿಮೆ ಬಿದ್ದರೆ ಬಾಟ್‌ಗಳನ್ನು, ಅಂದರೆ ಆಟವೇ ಆಡಿಸುವ ಆಟಗಾರರನ್ನು, ಸೇರಿಸಿಕೊಳ್ಳಿ.

ಇದರಲ್ಲಿ ನಾವೇ ಅಖಾಡ ಕಟ್ಟೋ ಮ್ಯಾಪ್‌ಮೇಕರ್ ಬಗ್ಗೆ ಹೇಳಲೇಬೇಕು. ಕೋಣೆ, ಓಣಿಯಂಥ ಹಾದಿ, ಮೆಟ್ಟಿಲು ಎಲ್ಲ ತುಂಡುತುಂಡಾಗಿ ಕೊಟ್ಟಿರುತ್ತಾರೆ. ಜೋಡಿಸಿ, ಬಂದೂಕು ಎಲ್ಲಿರಬೇಕು, ಆಟಗಾರರು ಎಲ್ಲಿಂದ ಶುರು ಮಾಡಬೇಕು ಅಂತ ಇಟ್ಟು, ಮೆಮೊರಿ ಕಾರ್ಡಿನಲ್ಲಿ ಉಳಿಸಬಹುದು. ನಾವು ಧಾರವಾಡದ ಅಜ್ಜನ ಮನೆಯನ್ನು ಅದರಲ್ಲಿ ಕಟ್ಟಿದ್ದೆವು. ತಲಬಾಗಿಲು, ಪಡಸಾಲೆ, ಒಳಗೆ ಕತ್ತಲೆಯ ಅಡುಗೆಮನೆ, ಅಟ್ಟಕ್ಕೆ ಮೆಟ್ಟಿಲು. ಶಾಟ್‌ಗನ್ ಅಡುಗೆಮನೆಯಲ್ಲಿ. ಮಕ್ಕಳಿಗೆ ಇದನ್ನು ತೋರಿಸಿ, ಮಧ್ಯಾಹ್ನವೆಲ್ಲ ಅದರಲ್ಲೇ ಇರುತ್ತಾರೆ.

2002ರ ಟೈಮ್‌ಸ್ಪ್ಲಿಟರ್ಸ್ 2 ಸಿಕ್ಕರೆ ಇನ್ನೂ ಒಳ್ಳೆಯದು. ಆಟ ಅದೇ, ಎಲ್ಲವೂ ಹೆಚ್ಚು. ಕ್ವೇಕ್ 3 ರೆವಲ್ಯೂಷನ್ ಅಂತಲೂ ಒಂದಿದೆ, 2001ರದ್ದು. ಅದೂ ಕಂಪ್ಯೂಟರಿನಿಂದ ಬಂದಿದ್ದೇ. ನಿಮಗೆ ಬೇಡ. ಅನ್‌ರಿಯಲ್ ಡಿಸ್ಕ್ ಈಗಾಗಲೇ ಮನೆಯಲ್ಲಿದ್ದರೆ ಮಾತ್ರ ಬಿಸಾಕಬೇಡಿ. ಯುಎಸ್‌ಬಿ ಕೀಬೋರ್ಡ್, ಮೌಸ್ ಸಿಕ್ಕಿಸಿ ಒಬ್ಬರೇ ಬಾಟ್‌ಗಳ ಜೊತೆ ಫೇಸಿಂಗ್ ವರ್ಲ್ಡ್ಸ್ ಅನ್ನೋ ಅಖಾಡದಲ್ಲಿ ಆಡಿ ನೋಡಿ, ಅದರ ರುಚಿಯೇ ಬೇರೆ.

ಖರೀದಿ ಮಾಡುವ ಮುಂಚೆ ಒಂದು ವಿಷಯ. ಪಿಎಸ್ 2ಕ್ಕೆ ಇರೋದು ಎರಡೇ ಕಂಟ್ರೋಲರ್ ಪೋರ್ಟ್. ನಾಲ್ಕು ಜನಕ್ಕೆ ಮಲ್ಟಿಟ್ಯಾಪ್ ಅನ್ನೋ ಡಬ್ಬಿ ಬೇಕೇ ಬೇಕು. ಮೊದಲು ಬಂದ ದಪ್ಪ ಪಿಎಸ್ 2ರ ಮಲ್ಟಿಟ್ಯಾಪ್ ಆಮೇಲೆ ಬಂದ ತೆಳ್ಳನೆಯ ಸ್ಲಿಮ್ ಪಿಎಸ್ 2ಗೆ ಕೂರೋದಿಲ್ಲ. ಕನ್ಸೋಲ್ ಹಿಂದೆ ಬರೆದ ನಂಬರ್ 7ರಿಂದ ಶುರುವಾಗುವ ಐದಂಕಿಯದ್ದೋ, ಅದಕ್ಕೂ ಮೇಲಿನದ್ದೋ ಆಗಿದ್ದರೆ ಅದು ಸ್ಲಿಮ್. ಹಳೆ ಸಾಮಾನಿನ ಅಂಗಡಿಯಲ್ಲಿ ಎರಡನ್ನೂ ಒಂದೇ ಅಂತ ಕೊಟ್ಟುಬಿಡುತ್ತಾರೆ, ಕನ್ಸೋಲನ್ನೇ ಒಯ್ದು ಹಾಕಿ ನೋಡಿ ತಗೊಳ್ಳಿ. ಡಿಸ್ಕ್ ಮೇಲೆ ಪಾಲ್ (PAL) ಅಂತಿದೆಯೋ ಎನ್‌ಟಿಎಸ್‌ಸಿ (NTSC) ಅಂತಿದೆಯೋ ನೋಡಿ, ಇವು ಟಿವಿ ಚಿತ್ರದ ಎರಡು ಪದ್ಧತಿಗಳು, ಅದು ನಿಮ್ಮ ಕನ್ಸೋಲಿಗೆ ಹೊಂದಬೇಕು. ಹಳೆಯ ಡಬ್ಬಿ ಟಿವಿ ಇದ್ದರೆ ಅದರಲ್ಲೇ ಆಡಿ. ಎಲ್‌ಇಡಿ ಟಿವಿಯಲ್ಲಿ ಬಟನ್ ಒತ್ತಿದ್ದಕ್ಕೂ ಗುಂಡು ಹಾರಿದ್ದಕ್ಕೂ ಸಣ್ಣ ಅಂತರ ಬೀಳುತ್ತದೆ. ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿದರೆ ಅದು ಸ್ವಲ್ಪ ಕಡಿಮೆ ಆಗುತ್ತದೆ.

ಡಿಸ್ಕ್ ಸಿಕ್ಕ ಮೇಲೆ ಮಕ್ಕಳು ಬರೋವರೆಗೂ ಸುಮ್ನೆ ಇಡಬೇಡಿ. ಅಖಾಡಗಳು, ಪಾತ್ರಗಳು ಕೆಲವು ಮೊದಲಿಗೆ ಬೀಗ ಹಾಕಿರುತ್ತವೆ. ಒಬ್ಬರೇ ಆಡುವ ಭಾಗದಲ್ಲಿ 1935ರ ಗೋರಿಯಿಂದ 2035ರವರೆಗೆ ಒಂಬತ್ತು ಹಂತ ಇವೆ, ಅವನ್ನು ಮುಗಿಸುತ್ತಾ ಹೋದಂತೆ ತೆರೆದುಕೊಳ್ಳುತ್ತವೆ. ಕಥೆ ಅಂತ ದೊಡ್ಡದೇನಿಲ್ಲ, ಒಂದು ವಸ್ತು ಹುಡುಕಿ ತಂದು ಮುಟ್ಟಿಸಬೇಕು, ಅಷ್ಟೇ. ಇಬ್ಬರು ಸೇರಿಯೂ ಆಡಬಹುದು. ಮನೆಯವರನ್ನೋ ತಮ್ಮನನ್ನೋ ಪಕ್ಕಕ್ಕೆ ಕೂರಿಸಿಕೊಂಡು ಈಗಲೇ ಶುರು ಮಾಡಿ.