ರೈಫಲ್ ತೋಟಾಕ್ಕೆ ತುಂಬುವ ಸಿಡಿಮದ್ದು ಪಟ್ಟಿಯ ಪಕ್ಕದ ಮದ್ದಿಗಿಂತ 10 ಪರ್ಸೆಂಟ್ ಕಡಿಮೆ, ಸರಿ. ಯಾವುದರ 10 ಪರ್ಸೆಂಟ್?

ಟೆಕ್ಸಾಸ್‌ನಲ್ಲಿದ್ದೀರಿ, .308 ಕ್ಯಾಲಿಬರಿನ ಬೋಲ್ಟ್ ರೈಫಲ್ ಇದೆ, ತೋಟಾ ನೀವೇ ತುಂಬಿಕೊಳ್ಳುತ್ತೀರಿ, ಅದಕ್ಕೆ ಬೇಕಾದ ವಾರ್ಗೆಟ್ ಅನ್ನುವ ಮದ್ದು ಸಿಗುತ್ತಿಲ್ಲ, ಗನ್ ಶೋನಲ್ಲಿ (ಬಂದೂಕಿನ ಸಂತೆಯಲ್ಲಿ) 8 ಪೌಂಡಿನ ಪುಲ್‌ಡೌನ್ ಮದ್ದು, ಅಂದರೆ ಹಳೇ ತೋಟಾ ಬಿಚ್ಚಿ ತೆಗೆದದ್ದು, ಅಗ್ಗಕ್ಕೆ ಸಿಕ್ಕಿದೆ. ಬರ್ನ್ ರೇಟ್ ಚಾರ್ಟ್‌ನಲ್ಲಿ (ಮದ್ದುಗಳನ್ನು ಉರಿಯುವ ವೇಗದ ಕ್ರಮದಲ್ಲಿ ಇಟ್ಟ ಪಟ್ಟಿಯಲ್ಲಿ) ಅದರ ಪಕ್ಕದಲ್ಲಿರುವ ಮದ್ದಿನ ಅಳತೆ ಹಿಡಿದು, 10 ಪರ್ಸೆಂಟ್ ಕಡಿಮೆ ಹಾಕಿ ಶುರು ಮಾಡಬಹುದಾ ಅಂತ ಕೇಳಿದ್ದೀರಿ.

ಮಾಡಬೇಡಿ. ಇದೇ ಥರದ ಡಬ್ಬ, ಇದೇ ಕ್ಯಾಲಿಬರ್, ಇದೇ ಲೆಕ್ಕ ನನ್ನ ಬೆಂಚಿನ ಮೇಲೂ ಒಮ್ಮೆ ಇತ್ತು.

ಡಬ್ಬದ ಮೇಲಿನ ಚೀಟಿಯಲ್ಲಿ "ಡಬ್ಲ್ಯುಸಿ 846, ಬಿಎಲ್-ಸಿ(2) ಹತ್ತಿರ" ಅಂತ ಬರೆದಿತ್ತು. ಸೇನೆಯ ಹಳೇ ತೋಟಾಗಳನ್ನು ಬಿಚ್ಚಿ ತೆಗೆದ ಮದ್ದು ಅದು. ಅಂಗಡಿಯಲ್ಲಿ ಸಿಗುವ ಬಿಎಲ್-ಸಿ(2) ಮೂಲತಃ 7.62 ನ್ಯಾಟೋ ತೋಟಾಕ್ಕೆ (.308ರ ಸೇನಾ ರೂಪಕ್ಕೆ) ಬಳಸುತ್ತಿದ್ದ ಸೇನಾ ಮದ್ದೇ. ಹಾಗಾಗಿ ಎರಡೂ ಒಂದೇ ಅನ್ನುವುದು ನ್ಯಾಯವಾಗಿಯೇ ಕಂಡಿತು. ಮದ್ದಿನ ಅಳತೆಗಳ ಪುಸ್ತಕದಲ್ಲಿ ಬಿಎಲ್-ಸಿ(2)ಗೆ ಕೊಟ್ಟ ಗರಿಷ್ಠಕ್ಕಿಂತ 10 ಪರ್ಸೆಂಟ್ ಕೆಳಗೆ ಶುರು, ಅರ್ಧರ್ಧ ಗ್ರೇನ್ (ಒಂದು ಗ್ರೇನ್ ಅಂದರೆ ಗ್ರಾಮಿನ ಸುಮಾರು ಹದಿನೈದನೇ ಒಂದು ಭಾಗ) ಮೆಟ್ಟಿಲು, ಮೆಟ್ಟಿಲಿಗೆ 5 ತೋಟಾ, 168 ಗ್ರೇನ್ ಗುಂಡು, 22 ಇಂಚಿನ ನಳಿಗೆ, ಮುಂದೆ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್. ನೋಡಿದವರು ಶಿಸ್ತಿನ ಕೆಲಸ ಅನ್ನಬೇಕು, ಹಾಗಿತ್ತು.

ಮೊದಲ 5 ತೋಟಾದಲ್ಲಿ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ಬೆಣ್ಣೆಯ ಹಾಗೆ ಎದ್ದಿತು. ತೋಟಾದ ತಳದಲ್ಲಿ ಕಿಡಿ ಕೊಡುವ ಪ್ರೈಮರಿನ ಅಂಚು ದುಂಡಗೇ ಇತ್ತು. ಕ್ರೋನೋಗ್ರಾಫ್ ಮಾತ್ರ, ಪುಸ್ತಕ ಆ ಆರಂಭದ ಅಳತೆಗೆ ಹೇಳಿದ್ದ ವೇಗಕ್ಕಿಂತ ಸೆಕೆಂಡಿಗೆ 60 ಅಡಿ ಹೆಚ್ಚು ತೋರಿಸಿತು. "ಒಳ್ಳೇ ಲಾಟ್" (ಒಂದು ಸಲಕ್ಕೆ ತಯಾರಾದ ಸರಕು) ಅಂದುಕೊಂಡು ಮೇಲೆ ಹತ್ತಿದ್ದಾಯಿತು. ತಪ್ಪು ಆದದ್ದು ಅಲ್ಲಿ, ಆ ಒಂದು ಕ್ಷಣದಲ್ಲಿ. ಉಳಿದದ್ದೆಲ್ಲ ಅದರ ಫಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಡಬ್ಬದ ವಿಷಯದಲ್ಲೂ ನಿರ್ಧಾರ ಆಗುವುದು ಇಲ್ಲೇ.

ಪುಸ್ತಕದವರ ಪರೀಕ್ಷಾ ನಳಿಗೆ 24 ಇಂಚಿನದು. .308ರಲ್ಲಿ ನಳಿಗೆ ಗಿಡ್ಡವಾದ ಪ್ರತಿ ಇಂಚಿಗೆ 20ರಿಂದ 25 ಅಡಿ ವೇಗ ಹೋಗುತ್ತದೆ. ಅಂದರೆ 22 ಇಂಚಿನ ನಳಿಗೆ ಪುಸ್ತಕಕ್ಕಿಂತ 40-50 ಅಡಿ ಕಡಿಮೆ ತೋರಿಸಬೇಕಿತ್ತು. ಅದು 60 ಅಡಿ ಹೆಚ್ಚು ತೋರಿಸಿದೆ ಅಂದರೆ ನಿಜವಾದ ಅಂತರ 100 ಅಡಿಗೂ ಮೇಲೆ. ಈ ತೋಟಾದಲ್ಲಿ ಅರ್ಧ ಗ್ರೇನ್ ಮದ್ದಿಗೆ ಸುಮಾರು 25 ಅಡಿ ವೇಗ ಏರುತ್ತದೆ. ಲೆಕ್ಕ ಹಾಕಿ: ಮೊದಲ ತೋಟಾದಲ್ಲೇ 2 ಗ್ರೇನ್ ಹೆಚ್ಚು ಮದ್ದು ಹಾಕಿದ ಹಾಗೆ ಆಗಿದೆ. ನಮ್ಮ ಅಕ್ಕಸಾಲಿಗರ ತಕ್ಕಡಿಯಲ್ಲಿ ಇದು ಒಂದು ಗುಲಗಂಜಿ ತೂಕ. ನೋಡಲು ಏನೂ ಅಲ್ಲ. ಆದರೆ .308ರಲ್ಲಿ 10 ಪರ್ಸೆಂಟ್ ಅಂದರೆ ಒಟ್ಟು ನಾಲ್ಕೂವರೆ ಗ್ರೇನ್ ಆಸುಪಾಸು. ಟ್ರಿಗರ್ ಎಳೆಯುವ ಮೊದಲೇ ಅದರಲ್ಲಿ ಅರ್ಧದಷ್ಟು ಖರ್ಚಾಗಿ ಹೋಗಿತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ವೇಗ ಮತ್ತು ಒತ್ತಡ ಕೈಹಿಡಿದು ಒಟ್ಟಿಗೆ ಹತ್ತುವುದಿಲ್ಲ. ಮದ್ದು ಉರಿಯುವ ವೇಗ ಸುತ್ತಲಿನ ಒತ್ತಡದ ಜೊತೆ ಏರುತ್ತದೆ, ಉರಿ ಜೋರಾದಷ್ಟೂ ಒತ್ತಡ ಇನ್ನೂ ಏರುತ್ತದೆ. ಲಾಟ್ ಸ್ವಲ್ಪ ಚುರುಕಾಗಿದ್ದರೆ ಗುಂಡು ನಳಿಗೆಯಲ್ಲಿ ಹೆಚ್ಚು ಮುಂದೆ ಸಾಗುವ ಮೊದಲೇ ಒತ್ತಡ ಶಿಖರ ಮುಟ್ಟುತ್ತದೆ. ಅದೇ ವೇಗ ಪಡೆಯಲು ನಿಧಾನದ ಮದ್ದಿಗಿಂತ ಹೆಚ್ಚು ಒತ್ತಡ ತೆರಬೇಕಾಗುತ್ತದೆ. ಆದ್ದರಿಂದ ಕ್ರೋನೋಗ್ರಾಫ್ ಪುಸ್ತಕಕ್ಕಿಂತ ಹೆಚ್ಚು ತೋರಿಸಿದರೆ ಅದು ಬಹುಮಾನವಲ್ಲ. ಒತ್ತಡ ಅಳೆಯುವ ಸಾಧನ ಇಲ್ಲದವನಿಗೆ ಸಿಗುವ ಒಂದೇ ಒಂದು ನಂಬಬಹುದಾದ ಎಚ್ಚರಿಕೆ.

ಐದನೇ ಮೆಟ್ಟಿಲಿನಲ್ಲಿ ಬೋಲ್ಟ್ ಬಿಗಿಯಾಯಿತು. ಆರನೆಯದರ ಮೊದಲ ತೋಟಾಕ್ಕೆ ಬೋಲ್ಟ್ ಏಳಲೇ ಇಲ್ಲ, ಮರದ ಸುತ್ತಿಗೆಯಿಂದ ತಟ್ಟಿ ಎಬ್ಬಿಸಬೇಕಾಯಿತು. ಹೊರಬಂದ ಕೇಸಿನ (ತೋಟಾದ ಹಿತ್ತಾಳೆ ಕವಚದ) ತಳ ನೋಡಿ: ಅಕ್ಷರಗಳ ಮೇಲೆ, ಬೋಲ್ಟಿನಲ್ಲಿ ಕೇಸನ್ನು ಹೊರತಳ್ಳುವ ಎಜೆಕ್ಟರ್ ತೂತಿನ ಗುರುತು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿತ್ತಾಳೆ ಮೇಣದ ಹಾಗೆ ಹರಿದು ಆ ತೂತಿನೊಳಗೆ ನುಗ್ಗಿ, ಬೋಲ್ಟ್ ತಿರುಗಿದಾಗ ಕತ್ತರಿಸಿಕೊಂಡಿತ್ತು. ಪ್ರೈಮರ್ ಚಪ್ಪಟೆಯಾಗಿ ತನ್ನ ಗುಳಿಯ ಅಂಚಿನವರೆಗೂ ಹರಡಿತ್ತು. ಆ ಗುಳಿ ಎಷ್ಟು ಸಡಿಲವಾಗಿತ್ತೆಂದರೆ ಹೊಸ ಪ್ರೈಮರ್ ಹೆಬ್ಬೆರಳಲ್ಲಿ ಒತ್ತಿದರೆ ಕೂರುತ್ತಿತ್ತು, ಬಗ್ಗಿಸಿದರೆ ಬೀಳುತ್ತಿತ್ತು. ಯಾರಿಗೂ ಪೆಟ್ಟಾಗಲಿಲ್ಲ. .308ಕ್ಕೆ ಅಮೆರಿಕದ ಮಾನಕ ಒತ್ತಡದ ಮಿತಿ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಹಿತ್ತಾಳೆ ಹೀಗೆ ಹರಿಯುವ ಹೊತ್ತಿಗೆ ಆ ಮಿತಿ ಎಂದೋ ದಾಟಿರುತ್ತದೆ. "ಒತ್ತಡದ ಗುರುತು ಕಂಡಾಗ ನಿಲ್ಲಿಸುತ್ತೇನೆ" ಅಂತ ನೀವು ಬರೆದಿದ್ದೀರಲ್ಲ, ಗುರುತು ಕಾಣುವುದು ಮಿತಿಯ ಆಚೆ ದಡದಲ್ಲಿ.

ಈಗ ನಿಮ್ಮ 10 ಪರ್ಸೆಂಟ್. ಗರಿಷ್ಠಕ್ಕಿಂತ 10 ಪರ್ಸೆಂಟ್ ಕೆಳಗೆ ಶುರು ಮಾಡಿ ಅನ್ನುವ ನಿಯಮ ಇರುವುದು ಅದೇ ಮದ್ದಿನ, ಅದೇ ಗುಂಡಿನ, ಒತ್ತಡ ಅಳೆದು ಪ್ರಕಟಿಸಿದ ಗರಿಷ್ಠಕ್ಕೆ. ನಿಮ್ಮ ರೈಫಲ್, ಕೇಸ್, ಪ್ರೈಮರ್ ಪರೀಕ್ಷೆಯವರದ್ದಕ್ಕಿಂತ ಬೇರೆ ಇರುತ್ತದೆ ಅಂತ ಬಿಟ್ಟಿರುವ ಜಾಗ ಅದು. ಮದ್ದೇ ಬೇರೆ ಅನ್ನುವ ವ್ಯತ್ಯಾಸವನ್ನೂ ಅದರಲ್ಲೇ ತುರುಕಿದರೆ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ. ನನ್ನ ಬೆಂಚಿನಲ್ಲಿ ಕೇಸ್‌ಗಳೂ ಸೇನೆಯವೇ. ಅವುಗಳ ಗೋಡೆ ದಪ್ಪ, ಒಳಗೆ ಜಾಗ ಕಡಿಮೆ, ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು.

ಬರ್ನ್ ರೇಟ್ ಚಾರ್ಟ್ ಬಗ್ಗೆ ತುಂಬ ಜನ ತಪ್ಪು ತಿಳಿದಿದ್ದಾರೆ. ಅದು ಸಾಲಿನಲ್ಲಿ ಯಾರ ಹಿಂದೆ ಯಾರು ನಿಂತಿದ್ದಾರೆ ಅಂತ ಹೇಳುತ್ತದೆ, ಇಬ್ಬರ ನಡುವೆ ಎಷ್ಟು ಅಡಿ ಅಂತರ ಅಂತ ಹೇಳುವುದಿಲ್ಲ. ಪಟ್ಟಿಯ 80 ಮತ್ತು 81ನೇ ಮದ್ದಿನ ನಡುವೆ ಕೂದಲೆಳೆ ಇರಬಹುದು, 81 ಮತ್ತು 82ರ ನಡುವೆ ಕಂದಕ ಇರಬಹುದು. ಕೇಸ್ ಬದಲಾದರೆ ಸಾಲೂ ಬದಲಾಗುತ್ತದೆ.

ಪುಲ್‌ಡೌನ್ ಮದ್ದಿಗೆ ಇನ್ನೊಂದು ಗುಣವಿದೆ. ಅಂಗಡಿಯಲ್ಲಿ 1 ಪೌಂಡ್ ಡಬ್ಬದಲ್ಲಿ ಬರುವುದು ಕ್ಯಾನಿಸ್ಟರ್ ದರ್ಜೆ. ಇಂದು ಕೊಂಡದ್ದಕ್ಕೂ ಹತ್ತು ವರ್ಷದ ಪುಸ್ತಕಕ್ಕೂ ತಾಳೆಯಾಗಲಿ ಅಂತ ಕಾರ್ಖಾನೆಯವರು ಲಾಟ್‌ಗಳನ್ನು ಬೆರೆಸಿ ಸಮಮಾಡಿ ಮಾರುತ್ತಾರೆ. ಸೇನೆಯ ಕಾರ್ಖಾನೆಗೆ ಆ ಹಂಗಿಲ್ಲ. ಪ್ರತಿ ಲಾಟ್ ಬಂದಾಗಲೂ ಒತ್ತಡ ಅಳೆದು, ಎಷ್ಟು ಹಾಕಿದರೆ ಬೇಕಾದ ವೇಗ ಬರುತ್ತದೋ ಅಷ್ಟು ತುಂಬುತ್ತಾರೆ. ಮದ್ದು ಚುರುಕಾದರೆ ಕಡಿಮೆ, ಮಂದವಾದರೆ ಹೆಚ್ಚು. ಡಬ್ಲ್ಯುಸಿ 846 ಅನ್ನುವ ಒಂದೇ ಹೆಸರಿನ ಅಗಲ ಎಷ್ಟಿತ್ತು ಅಂದರೆ 7.62ಕ್ಕೂ ಎಂ16 ರೈಫಲಿನ ಸಣ್ಣ 5.56 ತೋಟಾಕ್ಕೂ ಅದರ ಲಾಟ್‌ಗಳು ಹೋಗುತ್ತಿದ್ದವು. ವಿಯೆಟ್ನಾಂ ಕಾಲದಲ್ಲಿ ಎಂ16ರ ಗ್ಯಾಸ್ ಟ್ಯೂಬಿನಲ್ಲಿ ಮದ್ದಿನಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟಿಕೊಳ್ಳುವ ತೊಂದರೆ ಬಂದ ಮೇಲೆ, 5.56ಕ್ಕೆ ಹೊಂದುವ ಮದ್ದಿಗೆ ಡಬ್ಲ್ಯುಸಿ 844 ಅಂತ ಬೇರೆ ಹೆಸರು ಕೊಟ್ಟರು. ನಿಮ್ಮ ಡಬ್ಬದ ಮದ್ದು ಆ ಅಗಲದಲ್ಲಿ ಎಲ್ಲಿ ನಿಲ್ಲುತ್ತದೆ ಅಂತ ಚೀಟಿ ಹೇಳುವುದಿಲ್ಲ.

ಕಣ್ಣಿಗೂ ಗೊತ್ತಾಗುವುದಿಲ್ಲ. ಒಲೆಗೆ ತೆಂಗಿನ ಗರಿ ಹಾಕಿದರೆ ಭಗ್ಗನೆ ಉರಿಯುತ್ತದೆ, ಹಲಸಿನ ಕೊರಡು ನಿಧಾನ ಉರಿಯುತ್ತದೆ. ಅಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಇಂಥ ಬಾಲ್ ಪೌಡರಿನಲ್ಲಿ (ದುಂಡು ಕಾಳಿನ ಮದ್ದಿನಲ್ಲಿ) ಉರಿಯ ವೇಗವನ್ನು ತಡೆಯುವುದು ಪ್ರತಿ ಕಾಳಿನ ಹೊರಮೈಗೆ ಇಳಿಸಿದ ರಾಸಾಯನಿಕ ಲೇಪ. ರಾಗಿಗಿಂತ ಸಣ್ಣ, ಗ್ರ್ಯಾಫೈಟ್ ಬಳಿದ ಬೂದು ಕಾಳುಗಳು ಎರಡು ಬಟ್ಟಲಲ್ಲಿ ಪಕ್ಕಪಕ್ಕ ಇಟ್ಟರೆ ಒಂದೇ ಥರ. ಒಂದು ಪಿಸ್ತೂಲಿನದು, ಒಂದು ರೈಫಲಿನದು ಆಗಿರಬಹುದು. ಹೆಸರೂ ಮೋಸ ಮಾಡುತ್ತದೆ. ಆಸ್ಟ್ರೇಲಿಯಾದಲ್ಲಿ ಎಆರ್2208 ಅಂತ ಮಾರುವುದೂ ನೀವು ಹುಡುಕುತ್ತಿರುವ ವಾರ್ಗೆಟ್ಟೂ ಒಂದೇ ಮದ್ದು. ಎಚ್4895 ಮತ್ತು ಐಎಂಆರ್ 4895 ಒಂದೇ ನಂಬರಿನ ಎರಡು ಬೇರೆ ಮದ್ದುಗಳು, ಅಳತೆಯೂ ಬೇರೆ.

"ಉಳಿದಿರುವ ಶಾಟ್‌ಗನ್ ಮದ್ದನ್ನು ಸ್ವಲ್ಪವೇ ಸ್ವಲ್ಪ ಹಾಕಿದರೆ?" ಅಂತ ಕೊನೆಗೆ ಕೇಳಿದ್ದೀರಿ. ಚುರುಕು ಮದ್ದಿನ ಸಣ್ಣ ಅಳತೆ .308 ಕೇಸಿನ ಅರ್ಧವನ್ನೂ ತುಂಬುವುದಿಲ್ಲ. ಮರೆತು ಎರಡು ಸಲ ಹಾಕಿದರೂ ಹೊರಗೆ ಉಕ್ಕುವುದಿಲ್ಲ, ರೈಫಲ್ ಮಾತ್ರ ಸಿಡಿಯುತ್ತದೆ. ತೀರ ಕಡಿಮೆ ಹಾಕಿದರೆ ತಾಮ್ರದ ಹೊದಿಕೆಯ ಗುಂಡು ನಳಿಗೆಯ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತದೆ, ಮುಂದಿನ ಗುಂಡು ಅದಕ್ಕೆ ಹೋಗಿ ಬಡಿಯುತ್ತದೆ. ಸೀಸದ ಗುಂಡಿಗೆ ಇಂಥ ಮದ್ದಿನ ಪ್ರಕಟಿತ ಅಳತೆಗಳಿವೆ. ಅವನ್ನು ಇದ್ದ ಹಾಗೇ ಅನುಸರಿಸುವುದು ಬೇರೆ, ಊಹಿಸುವುದು ಬೇರೆ. ನಿಧಾನದ ಮದ್ದನ್ನು ಮನಸ್ಸಿಗೆ ಬಂದಷ್ಟು ಇಳಿಸುವುದೂ ಅಷ್ಟೇ ಅಪಾಯ. ಮ್ಯಾಗ್ನಮ್ ರಿವಾಲ್ವರಿಗೆ ಬಳಸುವ ಎಚ್110 ಅನ್ನುವ ಮದ್ದನ್ನು 3 ಪರ್ಸೆಂಟಿಗಿಂತ ಹೆಚ್ಚು ಇಳಿಸಬೇಡಿ ಅಂತ ತಯಾರಕರೇ ಹೇಳಿರುವುದು ಅದಕ್ಕೆ. ಎರಡು ಮದ್ದು ಬೆರೆಸುವ ಮಾತೇ ಬೇಡ, ಡಬ್ಬ ಅಲುಗಾಡಿದಂತೆ ಕಾಳು ಬೇರೆಬೇರೆಯಾಗಿ ಪ್ರತಿ ತೋಟಾವೂ ಬೇರೆ ಬೇರೆ ಆಗುತ್ತದೆ.

ಹಗುರ ಹೊಡೆತದ ತೋಟಾ ಬೇಕಿದ್ದರೆ ದಾರಿ ಇದೆ. ಎಚ್4895ರ ಅಳತೆ ಪ್ರಕಟವಾಗಿರುವ ತೋಟಾಗಳಲ್ಲಿ ಅದರ ಗರಿಷ್ಠದ 60 ಪರ್ಸೆಂಟಿನವರೆಗೂ ಇಳಿಸಬಹುದು ಅಂತ ಮಾರುವ ಹಾಜ್‌ಡನ್ ಕಂಪನಿಯೇ ಹೇಳುತ್ತದೆ. ವಾರ್ಗೆಟ್ ಒಂದೇ ಅಂತ ಹಟ ಹಿಡಿಯಬೇಡಿ. ಐಎಂಆರ್ 4064, ಐಎಂಆರ್ 4895, ರಿಲೋಡರ್ 15, ಸಿಎಫ್‌ಇ 223, ವಿಹ್ತಾವುವೊರಿ ಎನ್140, ರಾಮ್‌ಶಾಟ್ ಟ್ಯಾಕ್, ಮೊಹರು ಒಡೆಯದ ಬಿಎಲ್-ಸಿ(2), ಎಲ್ಲಕ್ಕೂ .308ರ ಅಳತೆ ತಯಾರಕರಿಂದಲೇ ಪುಕ್ಕಟೆ ಸಿಗುತ್ತದೆ. ಯಾವುದು ಸಿಕ್ಕರೂ ಅದಕ್ಕೆ ಹೊಸದಾಗಿ ಆರಂಭದ ಅಳತೆಯಿಂದ ಶುರು ಮಾಡಿ. ತಕ್ಕಡಿ ಗ್ರೇನ್‌ನಲ್ಲಿದೆಯಾ ಗ್ರಾಮ್‌ನಲ್ಲಿದೆಯಾ ಅಂತ ಪ್ರತಿ ಸಲ ನೋಡಿ, 1 ಗ್ರಾಮ್ ಅಂದರೆ 15.43 ಗ್ರೇನ್. ಬೆಂಚಿನ ಮೇಲೆ ಒಂದೇ ಡಬ್ಬ ಇರಲಿ, ಕೆಲಸ ಮುಗಿದಾಗ ಮದ್ದು ಅಳೆಯುವ ಮೆಷರಿನ ಹಾಪರ್ (ಮದ್ದು ಸುರಿಯುವ ಕೊಳವೆ) ಖಾಲಿ ಇರಲಿ.

ದುಡ್ಡಿನ ಮಾತು. 8 ಪೌಂಡ್ ಅಂದರೆ 56,000 ಗ್ರೇನ್, ತೋಟಾಕ್ಕೆ 42ರಂತೆ 1,333 ತೋಟಾ. ಪೌಂಡಿಗೆ 15 ಡಾಲರ್ ಉಳಿದರೂ ಒಟ್ಟು 120 ಡಾಲರ್, ಒಂದು ತೋಟಾಕ್ಕೆ 9 ಸೆಂಟ್. ರೈಫಲ್, ಕಣ್ಣು, ಬೆರಳು ಒಂದು ಕಡೆ ಇಟ್ಟು ಇದನ್ನು ಇನ್ನೊಂದು ಕಡೆ ಇಟ್ಟು ನೋಡಿ. ನಳಿಗೆಗೆ ಸ್ಟ್ರೇನ್ ಗೇಜ್ ಅಂಟಿಸಿ ಒತ್ತಡ ಅಳೆಯುವ ಸಾಧನ ಇದ್ದು, ಅದನ್ನು ಓದಲು ಬರುವುದಾದರೆ ಈ ಮದ್ದಿನ ಮೇಲೆ ಪ್ರಯೋಗ ಅನ್ನಬಹುದು. ಅದಿಲ್ಲದೆ ಮಾಡುವುದು ಪ್ರಯೋಗವಲ್ಲ, ಅಳೆಯದೆ ನಡೆಯುವ ಯಾವುದೂ ಪ್ರಯೋಗವಲ್ಲ. ನನ್ನ ಡಬ್ಬ ಹಿತ್ತಲ ಹುಲ್ಲಿಗೆ ಗೊಬ್ಬರವಾಯಿತು. ತೆಳ್ಳಗೆ ಎರಚಿ ನೀರು ಬಿಟ್ಟರೆ ಸಾಕು, ಸಾರಜನಕ ಇರುತ್ತದೆ.

ಎರಡು ಕಾನೂನಿನ ವಿಷಯ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿದ್ದರೆ ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಬಂದೂಕು, ತೋಟಾ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಇದ್ದರೆ ಮಾತ್ರ ಸರಿ. ಆ ಕಾನೂನು ಬಿಡಿ ಮದ್ದು, ಪ್ರೈಮರ್, ಗುಂಡು, ಖಾಲಿ ಕೇಸ್‌ಗಳನ್ನೂ ತೋಟಾ ಅಂತಲೇ ಎಣಿಸುತ್ತದೆ. ಪರವಾನಗಿಯ ಅವಧಿ ಮುಗಿದಿದೆಯಾ ನೋಡಿಕೊಳ್ಳಿ. ಇದನ್ನು ಊರಲ್ಲಿ ಓದುತ್ತಿರುವವರಿಗೆ: ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕೊಡವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ತಯಾರಿಸುವುದಕ್ಕಲ್ಲ. ಮಲೆನಾಡಿನ ಕೇಪಿನ ಕೋವಿಗೆ ಹನ್ನೆರಡು ಬೋರಿನ ತೋಟಾ ಒಡೆದು ಮದ್ದು ತುಂಬುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಆ ನಳಿಗೆ ಕಪ್ಪು ಮದ್ದಿಗೆ ಮಾಡಿದ್ದು. ಅಷ್ಟೇ ಅಳತೆಯ ಹೊಗೆ ಬಾರದ ಮದ್ದು ಅದನ್ನು ಕೆನ್ನೆಯ ಪಕ್ಕದಲ್ಲೇ ಸೀಳುತ್ತದೆ.

ಈಗಾಗಲೇ ಆ ಮದ್ದಿನಲ್ಲಿ ಕೆಲವು ತುಂಬಿಟ್ಟಿದ್ದರೆ "ಒಂದೇ ಒಂದು ಹೊಡೆದು ನೋಡೋಣ" ಅನ್ನಬೇಡಿ. ಗುಂಡನ್ನು ಕಚ್ಚಿ ಹಿಡಿಯುವ ಕಾಲೆಟ್ ಪುಲ್ಲರನ್ನು ತೋಟಾ ತುಂಬುವ ಪ್ರೆಸ್‌ಗೆ ಹಾಕಿ ಗುಂಡುಗಳನ್ನು ಒಂದೊಂದಾಗಿ ಎಳೆಯಿರಿ, ಸುತ್ತಿಗೆ ಥರದ್ದಕ್ಕಿಂತ ಅದು ಗುಂಡಿಗೂ ಒಳ್ಳೆಯದು. ಗುಂಡು, ಪ್ರೈಮರ್ ಹಾಕಿದ ಕೇಸ್ ಎರಡೂ ಮತ್ತೆ ಬಳಕೆಗೆ ಬರುತ್ತವೆ. ಸುರಿದ ಮದ್ದನ್ನು ಯಾವ ಡಬ್ಬಕ್ಕೂ ವಾಪಸ್ ಹಾಕಬೇಡಿ, ನೇರ ಹುಲ್ಲಿಗೆ. ಕೆಲವನ್ನು ಆಗಲೇ ಹೊಡೆದಿದ್ದರೆ ಆ ಕೇಸ್‌ಗಳನ್ನು ಬೇರೆ ಇಟ್ಟು, ಮುಂದಿನ ಸಲ ಪ್ರೈಮರ್ ಕೂರಿಸುವಾಗ ಕೈಗೆ ಬಿಗಿ ಹತ್ತುತ್ತದೆಯಾ ನೋಡಿ. ಹತ್ತದಿದ್ದರೆ ಕೇಸನ್ನು ಇಕ್ಕಳದಲ್ಲಿ ಜಜ್ಜಿ ಎಸೆಯಿರಿ, ರೈಫಲನ್ನು ಒಬ್ಬ ಗನ್‌ಸ್ಮಿತ್‌ಗೆ ಕೊಟ್ಟು ತೋಟಾ ಕೂರುವ ಜಾಗ ಸಡಿಲವಾಗಿದೆಯಾ ಅಂತ ಅಳೆಯುವ ಹೆಡ್‌ಸ್ಪೇಸ್ ಗೇಜ್ ಹಾಕಿಸಿ.