ಐಂಡ್‌ಹೋವನ್‌ಗೆ ಹೊರಟವರಿಗೆ: ರಜೆಯ ದಿನದ ಸೈಕಲ್ ಸುತ್ತಾಟ

ಮುಂದಿನ ತಿಂಗಳು ನೌಕರಿಗೆಂದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಹೊರಟಿರುವ ನೀವು, ಅಲ್ಲಿ ಸೈಕಲ್ ಬರೀ ಕಚೇರಿಗೆ ಹೋಗಿಬರಲಿಕ್ಕೋ, ರಜೆಯ ದಿನ ನಿಧಾನವಾಗಿ ಊರು ಸುತ್ತಲಿಕ್ಕೂ ಒದಗುತ್ತದೆಯೋ, ಭಾಷೆ ಬಾರದವರು ದಾರಿ ತಪ್ಪಿದರೆ ಏನು ಗತಿ ಎಂದು ಕೇಳಿದ್ದೀರಿ. 11 ವರ್ಷದಿಂದ ಅಲ್ಲಿರುವ ನಾನು ಸದ್ಯ ರಜೆಗೆ ಬೀದರಿಗೆ ಬಂದಿದ್ದೇನೆ. ಇಂದು ಬೆಳಿಗ್ಗೆ ತಮ್ಮನ ಸೈಕಲ್ ಹತ್ತಿ ಚೌಬಾರಾದಿಂದ ಅಷ್ಟೂರಿನ ಗುಮ್ಮಟಗಳವರೆಗೆ ಹೋಗಿಬಂದು, ಚಹಾ ಕುಡಿದು ಇದನ್ನು ಬರೆಯುತ್ತಿದ್ದೇನೆ.

ದಾರಿಯ ಚಿಂತೆ ಬಿಡಿ. ಅಲ್ಲಿ ಸೈಕಲ್ ದಾರಿಗಳು ಕೂಡುವ ಕಡೆಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ; ಇದಕ್ಕೆ ಡಚ್ಚರು ‘ಕ್ನೋಪುಂಟ್’ ಎನ್ನುತ್ತಾರೆ. ಮನೆಯಲ್ಲಿ ನಕ್ಷೆ ನೋಡಿ ನಾಲ್ಕೈದು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡರೆ ಸಾಕು, ಮುಂದಿನ ಸಂಖ್ಯೆ ಯಾವ ಕಡೆ ಎಂಬುದನ್ನು ಪ್ರತಿ ಕೂಡುದಾರಿಯ ಬಾಣದ ಗುರುತೇ ಹೇಳುತ್ತದೆ. ಮೊಬೈಲನ್ನು ಮಾತ್ರ ಕೈಯಲ್ಲಿ ಹಿಡಿಯಬೇಡಿ. 2019ರ ಜುಲೈ 1ರಿಂದ ಸೈಕಲ್ ಸವಾರರಿಗೂ ಅದಕ್ಕೆ ದಂಡವಿದೆ.

ನಿಜವಾಗಿ ಕಲಿಯಬೇಕಾದದ್ದು ಕಾಲಿನ ಅಭ್ಯಾಸ. ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ತಂದು ಒಳಪೆಡಲ್ ಹೊಡೆದು ಕಲಿತ ನಮಗೆ, ಇಳಿಜಾರಿನಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸಿ ಟಕಟಕ ಸದ್ದು ಕೇಳುವುದೇ ಒಂದು ಸುಖ. ಅಲ್ಲಿನ ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ಹಿಂದಿನ ಬ್ರೇಕು ಇರುವುದೇ ಪೆಡಲಿನಲ್ಲಿ. ಹಿಂದಕ್ಕೆ ತುಳಿದರೆ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ. ಮೊದಲ ವಾರ ಕಾಲುವೆಯ ದಂಡೆಯ ಮೇಲೆ ಯಾವುದೋ ಹಳೆಯ ಹಾಡು ಗುನುಗುತ್ತ ಅದನ್ನೇ ಮಾಡಲು ಹೋಗಿ, ನಮ್ಮ ತುರಿಚೆಯಂಥದೇ ಗಿಡದ ಪೊದೆಯಲ್ಲಿ ಬಿದ್ದೆ. ಹಿಂದೆ ಬರುತ್ತಿದ್ದ ಅಜ್ಜಿಯೊಬ್ಬರು ನನಗಿಂತ ಮೊದಲು ನನ್ನ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಚಕ್ರ ಸೊಟ್ಟಗಾಗಿದೆಯೇ ಎಂದು ತಿರುಗಿಸಿ ನೋಡಿದರು.

ವಾಹನಗಳು ಬಲಗಡೆ ಓಡುತ್ತವೆ ಎಂಬುದು ನಿಮಗೆ ಗೊತ್ತಿದ್ದೇ ಇರುತ್ತದೆ, ಆದರೆ ಕುತ್ತಿಗೆಗೆ ಗೊತ್ತಾಗಲು ತಿಂಗಳು ಬೇಕು. ಯಾವ ಗುರುತೂ ಇಲ್ಲದ ಕೂಡುದಾರಿಯಲ್ಲಿ ಬಲದಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು. ನೆಲದ ಮೇಲಿನ ಬಿಳಿ ತ್ರಿಕೋನಗಳ ಮೊನೆ ನಿಮ್ಮ ಕಡೆಗಿದ್ದರೆ ಎರಡೂ ಬದಿಯವರಿಗೆ ಬಿಡಬೇಕು. ತಿರುಗುವ ಮುನ್ನ ಕೈ ಚಾಚಿ. ಕತ್ತಲಾದರೆ ಮುಂದೆ ಬಿಳಿ ಇಲ್ಲವೇ ಹಳದಿ, ಹಿಂದೆ ಕೆಂಪು ದೀಪ ಕಡ್ಡಾಯ.

ಇನ್ನು ಸುತ್ತಾಟ. ಮೊದಲ ಭಾನುವಾರ ಡೊಮ್ಮೆಲ್ ಹೊಳೆಯ ಆಸುಪಾಸಿನ ದಾರಿಗಳಲ್ಲಿ ನ್ಯೂನೆನ್ ಎಂಬ ಹಳ್ಳಿಗೆ ಹೋಗಿ. ಚಿತ್ರಕಾರ ವ್ಯಾನ್ ಗೋ 1883ರಿಂದ 1885ರವರೆಗೆ ಅಲ್ಲಿದ್ದ. ಅವನು 1884ರಲ್ಲಿ ಬರೆದ ಓಪ್ವೆಟ್ಟನ್‌ನ ನೀರುಗಿರಣಿ ಇಂದಿಗೂ ನಿಂತಿದೆ. ಅದೇ ಆಸುಪಾಸಿನಲ್ಲಿ 2014ರಲ್ಲಿ ಒಂದು ಸೈಕಲ್ ದಾರಿ ಮಾಡಿ, ಹಗಲಿನ ಬೆಳಕು ಹೀರಿ ರಾತ್ರಿ ಹೊಳೆಯುವ ಸಾವಿರಾರು ಹರಳುಗಳನ್ನು ಅದರೊಳಗೆ ಕೂರಿಸಿದ್ದಾರೆ. ಹಗಲಲ್ಲಿ ಅಲ್ಲಿ ನೋಡಲು ಏನೂ ಇಲ್ಲ, ಕತ್ತಲಾಗುವವರೆಗೆ ಕಾಯಿರಿ. ಆಮೇಲೆ ಹಸಿರು–ನೀಲಿ ಚುಕ್ಕಿಗಳ ಸುಳಿಯೊಳಗೆ ನಿಮ್ಮ ಮುಂದಿನ ಚಕ್ರ ನುಗ್ಗುವುದು ಕಾಣುತ್ತದೆ. ವೆಲ್ಡ್‌ಹೋವನ್ ಕಡೆಗೆ ಹೋದರೆ 2012ರ ಹೋವನ್‌ರಿಂಗ್ ಎಂಬ ಸೈಕಲ್ ಸೇತುವೆ ಸಿಗುತ್ತದೆ: 70 ಮೀಟರ್ ಎತ್ತರದ ಒಂದೇ ಕಂಬ, ಅದರಿಂದ 24 ಉಕ್ಕಿನ ಹಗ್ಗಗಳಲ್ಲಿ ತೂಗುಬಿದ್ದ ವೃತ್ತ, ಮೇಲೆ ಸೈಕಲ್ಲು, ಕೆಳಗೆ ಕಾರು. ಎಲ್ಲರೂ ಹೊಗಳುತ್ತಾರೆ, ನನಗೆ ಮಾತ್ರ ಹೊಳೆಯ ದಂಡೆಯೇ ಹೆಚ್ಚು ಪ್ರೀತಿ.

ಆ ನಾಡು ಬಹುತೇಕ ಸಮತಟ್ಟು ಎಂದು ಮೋಸಹೋಗಬೇಡಿ, ಏರಿನ ಕೆಲಸವನ್ನು ಅಲ್ಲಿ ಗಾಳಿ ಮಾಡುತ್ತದೆ. ಹೋಗುವಾಗ ಎದುರುಗಾಳಿ ಇರುವ ದಿಕ್ಕನ್ನೇ ಆರಿಸಿಕೊಳ್ಳಿ, ದಣಿದು ಮರಳುವಾಗ ಅದೇ ಬೆನ್ನಿಗೆ ನಿಲ್ಲುತ್ತದೆ. ಹೊಸ ಸೈಕಲ್ ಕೊಳ್ಳುವ ಆತುರ ಬೇಡ. ಸೆಕೆಂಡ್‌ಹ್ಯಾಂಡ್ ಸೈಕಲ್ಲು, ಎರಡು ಒಳ್ಳೆಯ ಬೀಗ ಸಾಕು. ಕಳ್ಳರು ಅಲ್ಲೂ ಇದ್ದಾರೆ, ನನ್ನವೇ ಎರಡು ಹೋಗಿವೆ.

ಗುರುವಾರದವರೆಗೆ ನಾನು ಇಲ್ಲೇ ಇರುತ್ತೇನೆ. ಬಿಸಿಲೇರುವ ಮುನ್ನ ಬರುವುದಾದರೆ ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ ಗೋರಿಯ ತನಕ ಜೊತೆಗೆ ಹೋಗಿಬರೋಣ. ಮನೆಯಲ್ಲಿ ಇನ್ನೊಂದು ಸೈಕಲ್ ಇದೆ, ಅದರ ಮುಂದಿನ ಬ್ರೇಕು ಮಾತ್ರ ಸ್ವಲ್ಪ ಸಡಿಲ.